ನೆಲ ಮುಟ್ಟಬಾರದ ಕೊಪ್ಪರಿಗೆ

ಹೊಳೆಯೊಂದು ಸಮುದ್ರ ಸೇರುವ ಕಡೆ ಒಂದು ಊರಿತ್ತು. ಹೆಸರು ಕೇಳಬೇಡಿ. ಹೆಸರು ಹೇಳಿದರೆ ಅಲ್ಲಿಗೆ ಹೋಗಿಬಂದವರು ಯಾರಾದರೂ ಎದ್ದು ನಿಂತು, ಅದು ಹಾಗಲ್ಲ ಹೀಗೆ ಎಂದು ಶುರು ಮಾಡುತ್ತಾರೆ. ಆಮೇಲೆ ನಮ್ಮ ಕೊಪ್ಪರಿಗೆ ಹೊರಡುವುದೇ ಇಲ್ಲ.

ಆ ಊರಿನ ಮರಳಿನಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಅಕ್ಕಿ ನೀರಿನಾಚೆಯಿಂದ ಬರಬೇಕು, ಬೆಲ್ಲ ಬರಬೇಕು, ಮೆಣಸಿನಕಾಯಿ ಬರಬೇಕು. ಈಚೆಯಿಂದ ಪಾತ್ರೆ ಹೋಗಬೇಕು, ಹಗ್ಗ ಹೋಗಬೇಕು, ಚಾಪೆ ಹೋಗಬೇಕು. ಹೋಗುವುದು ಬರುವುದು ನಿಂತ ದಿನ ಒಲೆಯೂ ನಿಂತಿತು ಎಂದೇ ಲೆಕ್ಕ. ಇಂಥ ಊರಿಗೆ ಒಂದು ವಿಚಿತ್ರ ಕಟ್ಟಳೆ ಅಂಟಿಕೊಂಡಿತ್ತು. ಒಂದು ಸಾಮಾನಿನ ಕಿವಿಯಲ್ಲಿ (ಪ್ರತಿ ಸಾಮಾನಿಗೂ ಕಿವಿಯಿದೆ, ತಾಳ್ಮೆಯಿಂದ ಹುಡುಕಬೇಕು) "ನೀನು ನೀರಿನಾಚೆ ಇಂಥವರಿಗೆ" ಎಂದು ಹೆಸರು ಹೇಳಿಬಿಟ್ಟರೆ ಮುಗಿಯಿತು. ಆಮೇಲೆ ಆ ಇಂಥವರ ಕೈ ಮುಟ್ಟುವವರೆಗೆ ಅದು ನೆಲ ಮುಟ್ಟಬಾರದು. ಮುಟ್ಟಿದರೆ ಅಲ್ಲೇ ಬೇರು ಬಿಡುತ್ತದೆ. ಬೇರು ಬಿಟ್ಟದ್ದನ್ನು ಹತ್ತು ಎತ್ತು ಕಟ್ಟಿ ಎಳೆದರೂ ಕೀಳಲಾಗದು.

ನೀರು ನೆಲವಲ್ಲ, ದೋಣಿ ನೆಲವಲ್ಲ, ಗಾಡಿ ನೆಲವಲ್ಲ, ಹೆಗಲು ನೆಲವಲ್ಲ. ಆದರೆ ಈಚೆ ದಡವೂ ನೆಲವೇ, ಆಚೆ ದಡವೂ ನೆಲವೇ. ಕಟ್ಟಳೆ ಸಾಮಾನಿನ ಬೆನ್ನು ಹತ್ತಿ ಹೋಗುತ್ತಿತ್ತೇ ಹೊರತು ಊರಿನ ಗಡಿಯಲ್ಲಿ ನಿಲ್ಲುತ್ತಿರಲಿಲ್ಲ.

ಹೀಗೆ ಬೇರು ಬಿಟ್ಟವು ಊರ ತುಂಬ ಇದ್ದವು. ದೊಡ್ಡ ಬೀದಿಯ ನಡುವೆ ಒಂದು ಮರದ ಬೀರು. ಬೀದಿಯೇ ಅದಕ್ಕೆ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತಿತ್ತು. ಬಾವಿಯ ಹತ್ತಿರ ಒಂದು ಕೊಡೆ. ಮಳೆ ಬಂದಾಗ ತಾನೇ ಅರಳುತ್ತಿತ್ತು, ಬಿಸಿಲಿಗೆ ಮುದುಡುತ್ತಿತ್ತು. ದೋಣಿ ಬಂದು ನಿಲ್ಲುವ ದಕ್ಕೆಯ ಮೇಲೆ ಒಂದು ಟ್ರಂಕು. ಅದರ ಮೇಲೆ ಮುದುಕರು ಕೂತು ಸಮುದ್ರ ನೋಡುತ್ತಿದ್ದರು. ಆಷಾಢದಲ್ಲಿ ಅದರ ಮೈಮೇಲೆ ಸಣ್ಣ ಸಣ್ಣ ಚಿಲಕಗಳು ಚಿಗುರುತ್ತಿದ್ದವಂತೆ. ಬೇರು ಬಿಟ್ಟದ್ದು ಬೆಳೆಯದೆ ಇರುತ್ತದೆಯೇ?

ಆದ್ದರಿಂದ ಆ ಊರಿನಲ್ಲಿ ಒಬ್ಬ ದಾಟಿಸುವವನಿದ್ದ.

ಅವನಿಗೆ ಗಾಡಿ ಇರಲಿಲ್ಲ, ಎತ್ತು ಇರಲಿಲ್ಲ, ದೋಣಿ ಇರಲಿಲ್ಲ, ಒಂದು ಹುಟ್ಟು ಸಹ ಇರಲಿಲ್ಲ. ಹೆಗಲೂ ಅಂಥ ಗಟ್ಟಿಯದಲ್ಲ. ಒಂದು ಕುಂಬಳಕಾಯಿ ಹೊತ್ತರೆ ಸಂಜೆಯವರೆಗೆ ಅದರ ಸುದ್ದಿ ಹೇಳುವವನು. ಸಾಮಾನು ಯಾರದ್ದೋ, ಗಾಡಿ ಇನ್ಯಾರದ್ದೋ, ದೋಣಿ ಮತ್ಯಾರದ್ದೋ. ಅವನ ಬಳಿ ಇದ್ದದ್ದು ಒಂದು ಜೊತೆ ಚಪ್ಪಲಿ ಮತ್ತು ಒಂದು ಬಾಯಿ. ಗಾಡಿ ನಿಲ್ಲುವ ಮೊದಲು ಅಲ್ಲಿ ಹಮಾಲರ ಹೆಗಲು ಇರಬೇಕು. ಹೆಗಲು ಸೋಲುವ ಮೊದಲು ದೋಣಿ ಇರಬೇಕು. ದೋಣಿ ಆಚೆ ಮುಟ್ಟುವ ಮೊದಲು ಆಚೆಯ ಹೆಗಲು ನೀರಿಗಿಳಿದು ನಿಂತಿರಬೇಕು. ಇದಿಷ್ಟನ್ನು ಹೊಂದಿಸುವುದು ಅವನ ಕೆಲಸ. ಕೈಯಿಂದ ಕೈಗೆ, ಕೈಯಿಂದ ಕೈಗೆ, ನೆಲಕ್ಕೆ ಮಾತ್ರ ಬೇಡ.

ಕೇಳಲು ಸುಲಭ. ಈಚೆ ದಡದಲ್ಲಿ ಭಾರವನ್ನು ಹೆಗಲಿನಲ್ಲಿ ಅಳೆಯುತ್ತಿದ್ದರು: ಎರಡು ಹೆಗಲಿನ ಮೂಟೆ, ನಾಲ್ಕು ಹೆಗಲಿನ ಪೆಟ್ಟಿಗೆ. ಆಚೆ ದಡದಲ್ಲಿ ಭಾರವನ್ನು ನಿಟ್ಟುಸಿರಿನಲ್ಲಿ ಅಳೆಯುತ್ತಿದ್ದರು. ಈಚೆಯ ಹೆಗಲನ್ನು ಆಚೆಯ ನಿಟ್ಟುಸಿರಿಗೆ ತಿರುಗಿಸಿ ಮುಂಚೆಯೇ ಹೇಳಿ ಕಳಿಸಬೇಕು. ಹೆಚ್ಚು ಹೇಳಿದರೆ ಅಲ್ಲಿಯವರು ಹೆದರಿ ಬರುವುದಿಲ್ಲ. ಕಡಿಮೆ ಹೇಳಿದರೆ ಬಂದವರು ನಡುದಾರಿಯಲ್ಲಿ ಕೈಬಿಡುತ್ತಾರೆ. ಆಚೆಯಲ್ಲೂ ಇವನಂಥವಳೇ ಒಬ್ಬಳು ದಾಟಿಸುವವಳಿದ್ದಳು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಇವನು ಆಚೆಗೆ ಹೋದರೆ ಈಚೆಯ ತುದಿ ಹಿಡಿಯುವವರು ಯಾರು? ಅವಳು ಈಚೆಗೆ ಬಂದರೆ ಆಚೆಯ ತುದಿ? ಅವಳು ಕಟ್ಟಿ ಕಳಿಸಿದ ಬೆಲ್ಲದ ಮೂಟೆಯ ಗಂಟು ಮುಟ್ಟಿ ನೋಡಿ, "ಇವತ್ತು ಅಮ್ಮಾವ್ರು ಗೆಲುವಾಗಿದ್ದಾರೆ" ಎಂದು ಹೇಳುತ್ತಿದ್ದ. ನಿಜವೋ ಸುಳ್ಳೋ ಯಾರಿಗೆ ಗೊತ್ತು.

ಯಾಕೆಂದರೆ ಅವನು ದೊಡ್ಡ ಸುಳ್ಳ. ಊಟ ಆಯಿತೇ ಎಂದರೆ ಆನೆ ತಿಂದೆ ಎನ್ನುವನು. ಮಳೆ ಬರುತ್ತದೆಯೇ ಎಂದರೆ ನಿನ್ನೆಯೇ ಬಂದು ಕೇಳಿಕೊಂಡು ಹೋಯಿತು ಎನ್ನುವನು. ಅವನ ಸುಳ್ಳಿಗೆ ಊರು ಎಷ್ಟು ಒಗ್ಗಿತ್ತೆಂದರೆ, ಒಂದು ದಿನ ಅವನು ಸುಮ್ಮನಿದ್ದರೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಆದರೆ ಎರಡು ಕಡೆ ಅವನು ಸುಳ್ಳಾಡುತ್ತಿರಲಿಲ್ಲ. ಒಂದು, ದಕ್ಕೆಯ ಸುಂಕದ ಕಟ್ಟೆಯಲ್ಲಿ. ಇನ್ನೊಂದು, ಸಾಮಾನು ಹೊರಡುವಾಗ ಅವನು ಹೇಳುವ ಒಂದೇ ಒಂದು ಮಾತಿನಲ್ಲಿ: "ತಲುಪುತ್ತದೆ."

ಆ ಮಾತು ಕೇಳಿ ಗಾಡಿಯವನು ಎತ್ತು ಹೂಡುತ್ತಿದ್ದ. ಆ ಮಾತು ಕೇಳಿ ದೋಣಿಯವಳು ಹಗ್ಗ ಬಿಚ್ಚುತ್ತಿದ್ದಳು. ಆ ಮಾತು ಒಂದು ಸಲ ಸುಳ್ಳಾದರೆ ಎತ್ತು ಹೂಡುವವರಿಲ್ಲ, ಹಗ್ಗ ಬಿಚ್ಚುವವರಿಲ್ಲ. ಚಪ್ಪಲಿ ಇದ್ದೇ ಇರುತ್ತದೆ. ಚಪ್ಪಲಿ ಕಟ್ಟಿಕೊಂಡು ಏನು ಮಾಡುವುದು?

ಒಂದು ದಿನ ಅವನು ಕಂಚುಗಾರ್ತಿಯ ಅಂಗಳಕ್ಕೆ ಬಂದ. ಊರಿನಲ್ಲಿ ಪಾತ್ರೆ ಬಡಿಯುವವರಲ್ಲಿ ಅವಳೇ ಹಿರಿಯಳು. ತೋಳು ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ.

"ಅಕ್ಕಾ, ಆಚೆಯಿಂದ ಹೇಳಿ ಕಳಿಸಿದ್ದಾರೆ. ಎರಡು ಬೀದಿ ಕೂತು ಉಣ್ಣೋ ಅಂಥ ಕೊಪ್ಪರಿಗೆ ಬೇಕಂತೆ."

"ಎಷ್ಟು ದೊಡ್ಡ ಬೀದಿಗಳಯ್ಯಾ?"

"ಒಂದರಲ್ಲಿ ಹೊಟ್ಟೆ ದೊಡ್ಡದು, ಇನ್ನೊಂದರಲ್ಲಿ ಬಾಯಿ ದೊಡ್ಡದು."

"ನಿನ್ನ ಬಾಯಿಗಿಂತಲಾ? ಹಾಗಿದ್ರೆ ತಾಮ್ರ ಸಾಲಲ್ಲ, ಹೋಗು."

ವಿಷಯ ಇಷ್ಟು. ಆಚೆ ದಡದ ಒಂದು ಊರಿನಲ್ಲಿ ಇದ್ದದ್ದೇ ಎರಡು ಬೀದಿ, ಮೇಲಿನದು ಮತ್ತು ಕೆಳಗಿನದು. ಅನ್ನಕ್ಕೆ ಉಪ್ಪನ್ನು ಬೇಯುವ ಮೊದಲು ಹಾಕಬೇಕೋ ಬೆಂದ ಮೇಲೆ ಹಾಕಬೇಕೋ ಎಂದು ಜಗಳವಾಗಿ, ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುವುದು ನಿಂತುಹೋಗಿತ್ತು. ಉಣ್ಣುವುದು ನಿಂತ ಮೇಲೆ ಮದುವೆ ನಿಂತಿತು, ಮದುವೆ ನಿಂತ ಮೇಲೆ ಮಾತು ನಿಂತಿತು. ಈಗ ಎರಡೂ ಬೀದಿಯ ಹಿರಿಯರಿಗೆ ಬೇಸರ ಬಂದು, ಬರುವ ಹುಣ್ಣಿಮೆಗೆ ಒಂದೇ ಪಾತ್ರೆಯಲ್ಲಿ ಬೇಯಿಸಿ ಒಟ್ಟಿಗೆ ಉಂಡುಬಿಡೋಣ ಎಂದು ಒಪ್ಪಿದ್ದರು. ಆದರೆ ಯಾವ ಬೀದಿಯ ಪಾತ್ರೆ? ಅದಕ್ಕೂ ಜಗಳ. ಹಾಗಾಗಿ ಪಾತ್ರೆ ನೀರಿನಾಚೆಯಿಂದಲೇ ಬರಲಿ ಎಂದು ಹೇಳಿ ಕಳಿಸಿದ್ದರು. ಆ ಹುಣ್ಣಿಮೆ ತಪ್ಪಿದರೆ ಒಪ್ಪಿದ ಮನಸ್ಸು ಇನ್ನೊಂದು ಹುಣ್ಣಿಮೆಯವರೆಗೆ ಉಳಿಯುತ್ತದೆಂದು ಯಾರೂ ಹೇಳುವ ಹಾಗಿರಲಿಲ್ಲ.

ಕಂಚುಗಾರ್ತಿ ಬಡಿದಳು. ಬೆಳಗಾದರೆ ಬಡಿದಳು, ಬೈಗಾದರೆ ಬಡಿದಳು. ಕೊಪ್ಪರಿಗೆಯ ಒಳಗೆ ನಿಂತು ಬಡಿದಳು, ಹೊರಗೆ ನಿಂತು ಬಡಿದಳು. ಮೂರು ಕಾಲು ಇಟ್ಟಳು, ಎರಡು ಕಿವಿ ಇಟ್ಟಳು, ಒಳಗೆಲ್ಲ ಬೆಳದಿಂಗಳ ಹಾಗೆ ಕಲಾಯಿ ಹಾಕಿದಳು. ಕಲಾಯಿ ಆರಿದ ಮೇಲೆ ತೋಳು ನೀವಿಕೊಳ್ಳುತ್ತ ಹೇಳಿದಳು: "ಇಂಥದ್ದು ಇನ್ನೊಂದು ಈ ತೋಳಲ್ಲಿ ಇಲ್ಲ. ಇದನ್ನ ನೀನೇನಾದ್ರೂ ದಾರೀಲಿ ನೆಟ್ಟುಬಿಟ್ರೆ, ನಿನ್ನನ್ನ ಅದರೊಳಗೇ ಹಾಕಿ ಬೇಯಿಸ್ತೀನಿ."

ಹಮಾಲರು ಎಂಟು ಜನ ಬಂದು ಬಿದಿರಿನ ಗಳು ತೂರಿಸಿ ಎತ್ತಿದರು. ಆಗ ಅವಳು ಕೊಪ್ಪರಿಗೆಯ ಕಿವಿಗೆ ಬಾಯಿಟ್ಟು ಹೆಸರು ಹೇಳಿದಳು. "ನೀನು ನೀರಿನಾಚೆ ಮೇಲಿನ ಬೀದಿಗೆ, ನೀನು ನೀರಿನಾಚೆ ಕೆಳಗಿನ ಬೀದಿಗೆ, ನೀನು ಎರಡಕ್ಕೂ ಒಟ್ಟಿಗೆ." ಕೊಪ್ಪರಿಗೆ ಹ್ಞೂಂ ಎಂದು ಗುನುಗಿತು. ಅವಳು ತಿರುಗಿ ಕೇಳಿದಳು: "ತಲುಪುತ್ತದಾ?"

"ತಲುಪುತ್ತದೆ," ಎಂದ ದಾಟಿಸುವವನು.

ಎಲ್ಲವೂ ಹೊಂದಿತ್ತು. ದಕ್ಕೆಯಲ್ಲಿ ದೊಡ್ಡ ಹಾಯಿಹಡಗು ನೀರಿನ ಇಳಿತಕ್ಕೆ ಕಾಯುತ್ತಿತ್ತು. ಆಚೆಯವಳಿಗೆ ನಿಟ್ಟುಸಿರಿನ ಲೆಕ್ಕ ಹೋಗಿ ಮುಟ್ಟಿತ್ತು. ನಡುವೆ ಇದ್ದದ್ದು ಸುಂಕದ ಕಟ್ಟೆ ಒಂದೇ.

ಆ ಕಟ್ಟೆಯಲ್ಲಿ ಕಾಸು ಕೇಳುತ್ತಿರಲಿಲ್ಲ. ಅಲ್ಲಿ ನಿಜವೇ ಸುಂಕ. ಕಟ್ಟೆಯವನು ಮೂರು ಪ್ರಶ್ನೆ ಕೇಳುತ್ತಿದ್ದ. ಏನು, ಯಾರಿಗೆ, ಒಳಗೇನು? ಹೇಳಿದ್ದು ಒಳಗೆ ಕಂಡರೆ ಕೋಲಿನಿಂದ ಒಂದು ಸಲ ತಟ್ಟಿ ಬಿಡುತ್ತಿದ್ದ. ಕಾಣದಿದ್ದರೆ ಬಿಡುತ್ತಿರಲಿಲ್ಲ. ಅವನು ನಗುತ್ತಿರಲಿಲ್ಲ, ನಗು ಯಾವ ಸಾಮಾನಿನ ಒಳಗೂ ಅವನಿಗೆ ಕಂಡಿರಲಿಲ್ಲ.

"ಏನು?"

"ಕೊಪ್ಪರಿಗೆ."

"ಯಾರಿಗೆ?"

"ಆಚೆಯ ಎರಡು ಬೀದಿಗೆ."

"ಒಳಗೇನು?"

ಏನೂ ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೆಳಗಿನ ಬಿಸಿಲು ಹಿತವಾಗಿತ್ತು, ಹಮಾಲರು ಕೇಳುತ್ತ ನಿಂತಿದ್ದರು, ಕೊಪ್ಪರಿಗೆ ಅಷ್ಟು ಚೆನ್ನಾಗಿ ಹೊಳೆಯುತ್ತಿತ್ತು. ದಾಟಿಸುವವನ ನಾಲಿಗೆ ತುರಿಸಿತು.

"ಎರಡು ಬೀದಿಯ ಹಸಿವು, ಸ್ವಾಮಿ."

ಹಮಾಲರು ನಕ್ಕರು. ಗಳು ಅಲುಗಿತು. ಕಟ್ಟೆಯವನು ಮಾತ್ರ ಕೋಲು ಪಕ್ಕಕ್ಕಿಟ್ಟು ಪಂಚೆ ಎತ್ತಿ ಕಟ್ಟಿದ. "ಹಸಿವು. ಸರಿ, ನೋಡೋಣ," ಎಂದವನೇ ಕೊಪ್ಪರಿಗೆಯ ಅಂಚು ಹಿಡಿದು ಒಳಕ್ಕೆ ಇಳಿದ.

"ಅಯ್ಯೋ ಸ್ವಾಮೀ, ತಮಾಷೆಗೆ ಅಂದೆ!"

ಒಳಗಿನಿಂದ ದನಿ ಗುಂಯ್‌ಗುಟ್ಟುತ್ತ ಬಂತು. "ತಮಾಷೆ ಅಂದರೆ ಸುಳ್ಳಾ?"

ದಾಟಿಸುವವನು ಯೋಚಿಸಿದ. ಕಟ್ಟೆಯಲ್ಲಿ ಅವನು ಸುಳ್ಳು ಹೇಳಿದವನಲ್ಲ. "ಸುಳ್ಳಲ್ಲ, ಸ್ವಾಮಿ."

"ಹಾಗಾದರೆ ಇರಬೇಕು. ಇದ್ದರೆ ಸಿಗಬೇಕು."

ಹುಡುಕಿದ. ಮಂಡಿಯೂರಿ ಹುಡುಕಿದ, ಮೂಸಿ ಹುಡುಕಿದ, ಉಗುರಿನಿಂದ ಕಲಾಯಿ ಕೆರೆದು ಹುಡುಕಿದ. ಹಮಾಲರ ಹೆಗಲ ಮೇಲೆ ಈಗ ಕೊಪ್ಪರಿಗೆಯ ಭಾರವೂ ಇತ್ತು, ಕಟ್ಟೆಯವನ ಭಾರವೂ ಇತ್ತು. ಹಡಗಿನವನು ಶಂಖ ಊದಿದ. ನೀರು ಇಳಿಯತೊಡಗಿತು. ಹಡಗಿನವನು ಮತ್ತೆ ಊದಿದ. ಇಳಿತದ ನೀರು ಯಾರಿಗೂ ಕಾಯುವುದಿಲ್ಲ, ಹಡಗು ನೀರಿಗೆ ಕಾಯುತ್ತದೆ. ಹಾಯಿ ಬಿಚ್ಚಿ, ಹೊಳೆಯ ಬಾಯಿ ದಾಟಿ, ಹಡಗು ಹೊರಟೇ ಹೋಯಿತು. ಒಳಗಿನಿಂದ ಕಟ್ಟೆಯವನ ಉಗುರಿನ ಸದ್ದು ಬರುತ್ತಲೇ ಇತ್ತು.

ದಾಟಿಸುವವನು ಹೋದ ಹಡಗಿನ ಬಾಲ ನೋಡಿದ. ನೋಡಿ ಓಡಿದ. ದಕ್ಕೆಯ ಕೊನೆಯಲ್ಲಿ ಮೀನು ಹುರಿಯುವವಳ ಹತ್ತಿರ ಹೋಗಿ, "ತಂಗೀ, ನಿನ್ನ ಒಲೆಯನ್ನ ಇಲ್ಲಿಗೆ ತಾ, ಗಾಳಿ ಬರೋ ಕಡೆಗೆ. ಬಂಗುಡೆಗೆ ಖಾರ ಬಳಿದು ಹುರಿ," ಎಂದ. ಅವಳು ಹುರಿದಳು. ಖಾರದ ಹೊಗೆ ಕೊಪ್ಪರಿಗೆಯ ಮೇಲೆ ಹಾಯಿತು, ಒಳಗಿಳಿಯಿತು. ಉಗುರಿನ ಸದ್ದು ನಿಂತಿತು.

"ಸಿಕ್ಕಿತು!"

"ಎಲ್ಲಿ, ಸ್ವಾಮಿ?"

"ಇಲ್ಲೇ, ತಳದಲ್ಲಿ. ನಾನು ಕೂತ ಕಡೆಯೇ ಇತ್ತು. ಒಂದು ಬೀದಿಯದ್ದಂತೂ ಪೂರ್ತಿ ಇದೆ, ಇನ್ನೊಂದು ಬೀದಿಯದ್ದು ಬರುತ್ತಾ ಇದೆ." ಹೊರಗೆ ಬಂದು, ಕೋಲಿನಿಂದ ಒಂದು ಸಲ ತಟ್ಟಿ, ಕಟ್ಟೆಯವನು ಸೀದಾ ಮೀನಿನ ಒಲೆಯ ಮುಂದೆ ಹೋಗಿ ಕೂತ.

ಈಗ ಕೊಪ್ಪರಿಗೆಗೆ ಹೋಗಲು ಅಪ್ಪಣೆ ಇತ್ತು, ಹೋಗಲು ಹಡಗಿರಲಿಲ್ಲ. ಮುಂದಿನ ಹಡಗು ಹುಣ್ಣಿಮೆ ಕಳೆದ ಮೇಲೆ. ಇಷ್ಟು ದೊಡ್ಡದನ್ನು ಹೊರುವ ಗಾಡಿ ಊರಿನಲ್ಲಿರಲಿಲ್ಲ, ನೀರು ಇಳಿದದ್ದರಿಂದ ದಕ್ಕೆಗೆ ಯಾವ ದೋಣಿಯೂ ತಾಗುವಂತಿರಲಿಲ್ಲ. ಹಮಾಲರ ಮೊಣಕಾಲು ನಡುಗುತ್ತಿತ್ತು. ಮುಂದಿನ ಕೈ ಯಾರದೆಂದು ತಿಳಿಯದೆ ದಾಟಿಸುವವನು ನಿಂತದ್ದು ಅದೇ ಮೊದಲು.

"ನಿಂತರೆ ಭಾರ ಹೆಚ್ಚು. ನಡೀತಾ ಇರಿ, ಅಣ್ಣಂದಿರಾ," ಎಂದ. "ಎಲ್ಲಿಗೆ?" ಎಂದರು. "ಎಲ್ಲಿಗೂ ಇಲ್ಲ. ಊರು ಸುತ್ತಿ."

ಅವರು ಬೀದಿಗೆ ತಿರುಗಿದರು. ಅವನು ಮುಂದೆ ಮುಂದೆ ಓಡಿದ, ಬಾಗಿಲು ಬಾಗಿಲು ಬಡಿದ. ಹಗ್ಗ ಹೊಸೆಯುವವನಿಗೆ, "ಈ ಕೊಪ್ಪರಿಗೆ ಹೊತ್ತವರಿಗೆ ಬೆನ್ನುನೋವು ಹೋಗುತ್ತಂತೆ, ಬಾ," ಎಂದ. ಚಾಪೆ ಹೆಣೆಯುವವಳಿಗೆ, "ಇದಕ್ಕೆ ಕಿವಿ ಇಟ್ಟರೆ ನಿನ್ನ ಗಂಡ ಮನಸ್ಸಿನಲ್ಲಿ ಏನು ಅಂದುಕೊಳ್ತಾನೆ ಅಂತ ಕೇಳಿಸುತ್ತೆ," ಎಂದ.

"ಅವನು ಏನೂ ಅಂದ್ಕೊಳ್ಳಲ್ಲ, ನಂಗೊತ್ತು," ಎಂದಳು ಅವಳು ಸೆರಗು ಸಿಕ್ಕಿಸುತ್ತ. "ನಿನ್ನ ಸುಳ್ಳು ಸಾಕು. ಎಲ್ಲಿ ಹಿಡೀಬೇಕು ಹೇಳು."

ಎಲ್ಲರಿಗೂ ಅವನು ಸುಳ್ಳು ಹೇಳುತ್ತಿದ್ದಾನೆಂದು ಗೊತ್ತಿತ್ತು. ಎಲ್ಲರೂ ಬಂದರು. ಒಂದು ಹೆಗಲು ಸರಿಯಿತು, ಒಂದು ಹೆಗಲು ಬಂತು. ಹಗ್ಗದವನಿಂದ ಚಾಪೆಯವಳಿಗೆ, ಚಾಪೆಯವಳಿಂದ ನೀರು ಹೊರುವವನಿಗೆ, ನೀರು ಹೊರುವವನಿಂದ ಬಲೆ ನೇಯುವವನಿಗೆ. ಕೈಯಿಂದ ಕೈಗೆ, ಕೈಯಿಂದ ಕೈಗೆ, ನೆಲಕ್ಕೆ ಮಾತ್ರ ಬೇಡ. ಕೊಪ್ಪರಿಗೆ ಬಾವಿ ಸುತ್ತಿತು, ಟ್ರಂಕು ಸುತ್ತಿತು, ದಕ್ಕೆ ಮುಟ್ಟಿ ತಿರುಗಿತು. ಬಿಸಿಲಲ್ಲಿ ತಾಮ್ರ ಹೊಳೆಯಿತು. ಊರಿನ ನೆತ್ತಿಯ ಮೇಲೆ ಎರಡನೆಯ ಸೂರ್ಯ ಸುತ್ತುತ್ತಿದ್ದಾನೆಂದು ಕೋಳಿಗಳು ಕೂಗಿದವಂತೆ.

ಅತ್ತ ದಾಟಿಸುವವನು ದಡದ ಉದ್ದಕ್ಕೂ ದೋಣಿಯಿಂದ ದೋಣಿಗೆ ಹೋದ. ಎರಡು ಬೀದಿಯ ಊರಿಗೆ ಹೋಗುವ ದೋಣಿ ಒಂದೂ ಇರಲಿಲ್ಲ. ಮೀನಿನ ದೋಣಿ ನಡುನೀರಿನ ಮರಳುದಿಬ್ಬದವರೆಗೆ ಹೋಗುತ್ತಿತ್ತು. ಅಲ್ಲಿಂದ ಉಪ್ಪಿನ ದೋಣಿ ಆಚೆ ದಡದ ಹಿನ್ನೀರಿಗೆ ಹೋಗುತ್ತಿತ್ತು. ಹಿನ್ನೀರಿನಲ್ಲಿ ಹುಲ್ಲು ಸಾಗಿಸುವ ತೆಪ್ಪಗಳಿದ್ದವು.

"ನಾನು ನಿನ್ನ ಎರಡು ಬೀದಿಗೆ ಹೋಗಲ್ಲ ಕಣಣ್ಣಾ," ಎಂದಳು ಉಪ್ಪಿನ ದೋಣಿಯವಳು.

"ಗೊತ್ತಮ್ಮಾ. ನೀನು ಹೋಗೋ ಕಡೆಗೇ ಹೋಗು. ಇದು ಜೊತೆಗೆ ಬರುತ್ತೆ, ಅಷ್ಟೇ."

"ಮರಳುದಿಬ್ಬದಲ್ಲಿ ಇಳಿಸೋ ಹಾಗಿಲ್ಲವಲ್ಲ?"

"ದಿಬ್ಬ ಮುಟ್ಟಬೇಡ. ಮೀನಿನ ದೋಣಿ ನಿನ್ನ ಮಗ್ಗುಲಿಗೆ ಬರುತ್ತೆ. ದೋಣಿಯಿಂದ ದೋಣಿಗೆ ದಾಟಿಸಿಕೋ. ಹಿನ್ನೀರಲ್ಲಿ ತೆಪ್ಪ ಕಾಯ್ತಾ ಇರುತ್ತೆ, ಆಚೆಯವಳು ಹೊಂದಿಸ್ತಾಳೆ."

"ಹೊಂದಿಸ್ತಾಳೆ ಅಂತ ನಿಂಗೆ ಹೇಗೆ ಗೊತ್ತು?"

"ನಾನಾಗಿದ್ದರೆ ಹೊಂದಿಸ್ತಿದ್ದೆ," ಎಂದ. ಬಿರುಸಾಗಿ ಹುಟ್ಟು ಹಾಕುವ ಒಬ್ಬನ ಕೈಯಲ್ಲಿ ಆಚೆಯವಳಿಗೆ ಸುದ್ದಿ ಕೊಟ್ಟು ಮೊದಲೇ ಕಳಿಸಿದ.

ಸಂಜೆಯ ಹೊತ್ತಿಗೆ ಉಬ್ಬರದ ನೀರು ಬಂದು ಮೀನಿನ ದೋಣಿ ದಕ್ಕೆಗೆ ತಾಗಿತು. ಕೊಪ್ಪರಿಗೆ ಕೊನೆಯ ಸುತ್ತಿನಲ್ಲಿತ್ತು. ಬೀರು ಇರುವ ತಿರುವಿನಲ್ಲಿ ಮುಂದಿನ ಹೆಗಲು ಜಾರಿತು. ಗಳು ವಾಲಿತು. ಕೊಪ್ಪರಿಗೆಯ ಒಂದು ಕಾಲು ನೆಲದ ಕಡೆಗೆ ಇಳಿಯಿತು. ಆ ಕಾಲಿಗೂ ಮರಳಿಗೂ ನಡುವೆ ಇನ್ನೊಂದು ಕಾಲು ಬಂತು. ಕಂಚುಗಾರ್ತಿ ತನ್ನ ಪಾದ ಒಡ್ಡಿದ್ದಳು.

"ನೋಡ್ತಾ ನಿಂತಿದ್ದೀರಲ್ಲ, ಎತ್ತಿ!" ಎಂದು ಕಿರುಚಿದಳು. ಎತ್ತಿದರು. ಅವಳು ಒಂಟಿಕಾಲಲ್ಲಿ ಬೀರಿಗೆ ಒರಗಿ ನಿಂತು ದಾಟಿಸುವವನನ್ನು ನೋಡಿದಳು. "ಕಟ್ಟೇಲಿ ಅಷ್ಟು ಹೊತ್ತು ಯಾಕಾಯ್ತು? ನಿಜ ಹೇಳು."

"ಕಟ್ಟೆಯವರಿಗೆ ಬಿಕ್ಕಳಿಕೆ..." ಎಂದು ಶುರು ಮಾಡಿದವನು ಅವಳ ಪಾದ ನೋಡಿದ. "ನಾನು ಒಂದು ಮಾತು ಜಾಸ್ತಿ ಆಡಿದೆ, ಅಕ್ಕಾ."

"ಅದೇ ಅನ್ಕೊಂಡೆ," ಎಂದು ಅವಳು ಕುಂಟುತ್ತ ದಕ್ಕೆಯವರೆಗೆ ಹೋಗಿ ಕೊಪ್ಪರಿಗೆ ದೋಣಿಗೇರುವುದನ್ನು ನೋಡಿದಳು.

ಆಮೇಲೆ ಕಾಯುವುದು. ಅದೇ ಕಷ್ಟದ ಕೆಲಸ. ಅದಕ್ಕೆ ಚಪ್ಪಲಿಯೂ ಬೇಡ, ಬಾಯಿಯೂ ಬೇಡ. ಚಂದ್ರ ತುಂಬಿದ. ದಾಟಿಸುವವನು ಟ್ರಂಕಿನ ಮೇಲೆ ಮುದುಕರ ಸಾಲಿನಲ್ಲಿ ಕೂತು ಆಚೆ ನೋಡಿದ. ಚಂದ್ರ ಸವೆಯತೊಡಗಿದಾಗ ಉಪ್ಪಿನ ದೋಣಿಯವಳು ಬಂದಳು. ಬಂದವಳು ದೋಣಿ ಕಟ್ಟದೆಯೇ ಅವನನ್ನು ಕರೆದಳು. ಹೇಳಿದ್ದು ಹೀಗೆ.

ದೋಣಿಯಿಂದ ದೋಣಿಗೆ ಸರಿಯಾಗಿಯೇ ದಾಟಿತು. ಹಿನ್ನೀರಿನಲ್ಲಿ ತೆಪ್ಪ ಕಾಯುತ್ತಿತ್ತು. ಮುಂದೇನಾಗುತ್ತದೋ ನೋಡುವ ಆಸೆಗೆ ಅವಳೂ ತೆಪ್ಪ ಹತ್ತಿದಳು. ಹುಣ್ಣಿಮೆಯ ಬೆಳಿಗ್ಗೆ ಕೊಪ್ಪರಿಗೆ ಎರಡು ಬೀದಿಯ ಊರಿಗೆ ಹೋಯಿತು. ಎರಡು ಬೀದಿ ಕೂಡುವ ಕಡೆ ಎಲ್ಲರೂ ಸೇರಿದ್ದರು. ಕೈ ಮುಟ್ಟಿ ತೆಗೆದುಕೊಳ್ಳಿ ಎಂದರೆ ಮೇಲಿನ ಬೀದಿಯವರು, ಮೊದಲು ನಮ್ಮ ಕಡೆ ತನ್ನಿ, ಅಲ್ಲಿ ಮುಟ್ಟುತ್ತೇವೆ ಎಂದರು. ಕೆಳಗಿನ ಬೀದಿಯವರು, ಹಾಗಾದರೆ ನಾವು ಮುಟ್ಟುವುದೇ ಇಲ್ಲ ಎಂದರು. ಹೆಸರು 'ಎರಡಕ್ಕೂ ಒಟ್ಟಿಗೆ' ಎಂದು ಹೇಳಿದ್ದಲ್ಲವೇ? ಒಬ್ಬರು ಮುಟ್ಟಿದರೆ ತಲುಪಿದ ಹಾಗಲ್ಲ. ಹೊತ್ತವರು ಮೇಲಕ್ಕೆ ಎರಡು ಹೆಜ್ಜೆ ಹೋದರು, ಕೆಳಕ್ಕೆ ಎರಡು ಹೆಜ್ಜೆ ಬಂದರು. ಅವರ ನಿಟ್ಟುಸಿರು ಮುಗಿಯುತ್ತ ಬಂತು. ಆಚೆಯ ದಾಟಿಸುವವಳು ಈ ಕಡೆ ನೋಡಿದಳು, ಆ ಕಡೆ ನೋಡಿದಳು.

"ಇಳಿಸಿ," ಎಂದಳು.

"ಏನಂದಳು?" ಎಂದ ದಾಟಿಸುವವನು.

"ಇಳಿಸಿ ಅಂದಳು ಕಣಣ್ಣಾ. ಸರಿಯಾಗಿ ನಡುವೆ. ನಕ್ಕೊಂಡು ಅಂದಳು. ಮೂರೂ ಕಾಲು ಮಣ್ಣಿಗೆ ತಾಗಿದ್ದೇ ತಡ, ಸರ್ರಂತ ಬೇರು ಇಳೀತು. ಎರಡೂ ಬೀದಿಯವರು ಹಿಡಿದು ಎಳೆದರು. ಎಳೆಯೋಕೆ ಅಂತ ಕೊನೆಗೆ ಒಟ್ಟಿಗೆ ಕೈ ಹಚ್ಚಿದರು, ಏನು ಪ್ರಯೋಜನ? ಅಷ್ಟು ಹೊತ್ತಿಗೆ ಎಲ್ಲರಿಗೂ ಹೊಟ್ಟೆ ಹಸಿದಿತ್ತು. ಇವರ ಕಡೆಯಿಂದ ಸೌದೆ ಬಂತು, ಅವರ ಕಡೆಯಿಂದ ಅಕ್ಕಿ ಬಂತು. ಸುತ್ತ ಕೂತರು. ಎತ್ತಿಕೊಂಡು ಹೋಗೋ ಹಾಗಿಲ್ಲ, ಇನ್ನೆಲ್ಲಿ ಕೂರ್ತಾರೆ?"

"ಉಪ್ಪು?"

"ಅವರು ಅದಕ್ಕೂ ಜಗಳ ಆಡ್ತಾ ಇದ್ದಾಗ ನಾನೇ ಹಾಕಿಬಿಟ್ಟೆ. ಯಾವಾಗ ಬಿತ್ತು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ."

ದಾಟಿಸುವವನಿಗೆ ಮೊದಲು ನಗು ಬಂತು. ನಗು ಮುಗಿಯುವ ಮೊದಲೇ ತಾನು ಆಡಿದ ಮಾತು ನೆನಪಾಯಿತು. ಎರಡು ಬೀದಿ ಉಂಡದ್ದು ನಿಜ. ಆದರೆ ಕೊಪ್ಪರಿಗೆ ಕೈ ಮುಟ್ಟುವ ಮೊದಲು ನೆಲ ಮುಟ್ಟಿತ್ತು. ಅದು ತಲುಪಿರಲಿಲ್ಲ. ಅವನ ಮಾತು ಸುಳ್ಳಾಗಿತ್ತು. ತಲುಪಿತು ಎಂದುಬಿಟ್ಟರೆ ಕೇಳುವವರು ಯಾರು? ಸುಳ್ಳು ಹೇಳುವುದು ಅವನಿಗೆ ಉಸಿರಾಡಿದಷ್ಟು ಸುಲಭ. ಆದರೆ ಆ ಒಂದು ಮಾತು ಅವನದಾಗಿರಲಿಲ್ಲ. ಅದು ಗಾಡಿಯವನದು, ಹಗ್ಗದವನದು, ಊರು ಸುತ್ತಿದ ಹೆಗಲುಗಳದು. ಇನ್ನೊಬ್ಬರ ಸಾಮಾನನ್ನು ಅವನು ಯಾವತ್ತೂ ಕೆಡಿಸಿದವನಲ್ಲ.

ಗಾಡಿಯವರು, ಹಮಾಲರು, ದೋಣಿಯವರು ಎಲ್ಲರೂ ದಕ್ಕೆಗೆ ಬಂದರು. "ಏನಾಯ್ತು, ತಲುಪಿತಾ?" ಎಂದರು.

"ತಲುಪಲಿಲ್ಲ," ಎಂದ. "ನಡುಬೀದಿಯಲ್ಲಿ ಬೇರು ಬಿಟ್ಟಿತು. ಆಚೆಯವಳೇ ನಕ್ಕೊಂಡು ಇಳಿಸು ಅಂದಳಂತೆ. ಈಗ ಎರಡೂ ಬೀದಿಯವರು ಅದರ ಸುತ್ತ ಕೂತು ಉಣ್ತಾ ಇದ್ದಾರೆ."

ಹಗ್ಗ ಹೊಸೆಯುವವನು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅವನನ್ನು ನೋಡಿ ಎಲ್ಲರೂ ನಕ್ಕರು.

"ಇಳಿಸು ಅಂದಳಂತೆ! ದಾಟಿಸುವವಳು! ನಕ್ಕೊಂಡು!"

"ಆನೆ ತಿಂದದ್ದೇ ವಾಸಿಯಾಗಿತ್ತು, ಇದು ಬಹಳ ಅತಿಯಾಯ್ತು!"

"ನಿಜ ಕಣ್ರೋ!" ಎಂದು ಅವನು ಕೂಗಿದ. ಹೆಚ್ಚು ನಕ್ಕರು. "ನಂಬ್ರೋ!" ಎಂದು ಅಂಗಲಾಚಿದ. ಕಣ್ಣೊರೆಸಿಕೊಂಡು ನಕ್ಕರು. ಉಪ್ಪಿನ ದೋಣಿಯವಳು ಹೌದೆಂದು ತಲೆಯಾಡಿಸಿದಳು. ಇವಳನ್ನೂ ಕೆಡಿಸಿಬಿಟ್ಟ ಎಂದು ಇನ್ನೂ ನಕ್ಕರು. ಇವನು ತಲುಪಲಿಲ್ಲ ಎಂದರೆ ಕೊಪ್ಪರಿಗೆ ತಲುಪಿತೆಂದೇ ಅರ್ಥ ಎಂದುಕೊಂಡು, ಆ ಸಂತೋಷದಲ್ಲಿ ಎತ್ತುಗಳಿಗೆ ಬೆಲ್ಲ ತಿನ್ನಿಸಿ ಮನೆಗೆ ಹೋದರು. ಜೀವಮಾನದಲ್ಲಿ ಒಂದು ಸಲ ಊರೆದುರು ನಿಂತು ನಿಜ ಹೇಳಿದವನು ಖಾಲಿ ದಕ್ಕೆಯ ಮೇಲೆ ಬಾಯಿ ಬಿಟ್ಟುಕೊಂಡು ನಿಂತ.

ಕಂಚುಗಾರ್ತಿ ಮಾತ್ರ ಹೋಗಿರಲಿಲ್ಲ. "ನಾನು ನಂಬ್ತೀನಿ," ಎಂದಳು.

"ಯಾಕಕ್ಕಾ?"

"ಸುಳ್ಳಾಗಿದ್ದಿದ್ರೆ ಇದಕ್ಕಿಂತ ಚೆನ್ನಾಗಿ ಹೇಳ್ತಿದ್ದೆ." ಅವಳು ಪಾದ ನೀವಿಕೊಂಡಳು. "ಬೇರು ಬಿಟ್ಟಿದ್ದನ್ನ ಬಗ್ಗಿಸೋಕೆ ಬರಲ್ಲವಲ್ಲ. ತಳದ ಅನ್ನ ಹೇಗೆ ತೆಗೀತಾರೆ?"

ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ಅವಳು ಆಗಲೇ ಎದ್ದಾಗಿತ್ತು. ಮನೆಗೆ ಹೋದವಳೇ ಒಂದು ಸೌಟು ಬಡಿಯತೊಡಗಿದಳು. ಎಂಥ ಸೌಟು! ಇಬ್ಬರು ಆಳು ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ಸಾಲದಷ್ಟು ಉದ್ದ. ಇಷ್ಟುದ್ದ ಯಾಕೆ ಎಂದು ಅವನು ಕೇಳಿದ. "ಬೇರು ಬಿಟ್ಟಿದ್ದು ಬೆಳೆಯುತ್ತೆ," ಎಂದಳು. "ಬರೋ ವರ್ಷ ಇನ್ನೂ ಒಂದು ಮೊಳ ಉದ್ದದ್ದು ಬೇಕಾಗುತ್ತೆ. ಆಮೇಲಿನ ವರ್ಷ ಇನ್ನೊಂದು ಮೊಳ. ನಾನಿರೋವರೆಗೂ ನಿನಗೂ ಕೆಲಸ, ನನಗೂ ಕೆಲಸ."

ಸೌಟು ಮುಗಿದ ಬೆಳಿಗ್ಗೆ ಹಮಾಲರು ಸಾಲಾಗಿ ಬಂದು ಹೆಗಲ ಮೇಲೆ ಎತ್ತಿದರು. ಕೊಪ್ಪರಿಗೆ ತಲುಪಿದ ಖುಷಿಯಲ್ಲಿ ಅವರು ಕರೆಯುವ ಮೊದಲೇ ಬಂದಿದ್ದರು. ಕಂಚುಗಾರ್ತಿ ಸೌಟಿನ ಕಿವಿ ಹುಡುಕಿ ಹೆಸರು ಹೇಳಿದಳು, ತಿರುಗಿ ಕೇಳಿದಳು: "ತಲುಪುತ್ತದಾ?"

ಅವನು ಚಪ್ಪಲಿಯ ತುದಿ ನೋಡಿದ. "ದಾಟಿಸ್ತೀನಿ, ಅಕ್ಕಾ."

"ಅದಲ್ಲ. ಆ ಮಾತು ಹೇಳು."

"ಆ ಮಾತು ಒಂದು ಸಲ ಸುಳ್ಳಾಯ್ತಲ್ಲ." ಹಮಾಲರಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದ.

"ಆ ಕೊಪ್ಪರಿಗೆಗೂ ಒಂದು ಕಡೆ ಸೊಟ್ಟ ಇತ್ತು. ನಾನೇ ಬಡಿದದ್ದು, ನಿಂಗೆ ಕಾಣಲಿಲ್ಲ. ಅದರಿಂದೇನು ಅನ್ನ ಸೋರಿತಾ? ಹೇಳಯ್ಯಾ. ಅವರ ಹೆಗಲು ನೋಯ್ತಿದೆ."

"ತಲುಪುತ್ತದೆ," ಎಂದ.

ಸೌಟು ಹೊರಟಿತು. ದೊಡ್ಡ ಬೀದಿಯ ತಿರುವಿಗೆ ಬಂದು ಸಿಕ್ಕಿಕೊಂಡಿತು. ಮುಂದೆ ಹೋದರೆ ಗೋಡೆ, ತಿರುಗಿಸಿದರೆ ಬೀರು. ಹಮಾಲರು ದಾಟಿಸುವವನ ಕಡೆ ನೋಡಿದರು. ಅವನು ಎದುರಿಗಿದ್ದ ಮನೆಯನ್ನು ನೋಡಿದ: ಬೀದಿಗೆ ಒಂದು ಬಾಗಿಲು, ನೇರಕ್ಕೆ ದಕ್ಕೆಯ ಕಡೆಗೆ ಇನ್ನೊಂದು ಬಾಗಿಲು, ನಡುವೆ ಒಂದು ಸಂಸಾರ ಸಾಲಾಗಿ ಊಟಕ್ಕೆ ಕೂತಿತ್ತು. ಬಾಗಿಲಿಗೆ ಹೋಗಿ ಕೈಮುಗಿದ.

"ಯಜಮಾನರೇ, ಒಂದು ಸೌಟು ಒಳಗಿಂದ ಹಾದು ಹೋಗಲಾ?"

"ಬಡಿಸೋಕಾ?" ಎಂದ ಮನೆಯವನು ತುತ್ತು ಕೈಯಲ್ಲೇ ಹಿಡಿದು.

"ಇಲ್ಲ, ದಾಟೋಕೆ."

"ನಾವು ಏಳಬೇಕಾ?"

"ಏಳಬೇಡಿ, ಏಳಬೇಡಿ. ಅದು ಮೇಲಿಂದ ಹೋಗುತ್ತೆ. ನೀವು ಉಣ್ಣಿ."

ಹಮಾಲರು ಒಬ್ಬರ ಹಿಂದೊಬ್ಬರು ತಲೆ ಬಗ್ಗಿಸಿ, ಎಲೆ ತುಳಿಯದ ಹಾಗೆ ಹೆಜ್ಜೆಯಿಟ್ಟು ಒಳಗೆ ನಡೆದರು. ತಾಮ್ರದ ಸೌಟು ಉಣ್ಣುವವರ ತಲೆಯ ಮೇಲಿಂದ ನಿಧಾನವಾಗಿ ಸಾಗಿತು. ಮುಂಬಾಗಿಲಿನಿಂದ ಅದರ ಬಾಲ ಇನ್ನೂ ಬರುತ್ತಲೇ ಇತ್ತು, ಹಿಂಬಾಗಿಲಿನಿಂದ ಅದರ ತಲೆ ಆಗಲೇ ಸಮುದ್ರ ನೋಡುತ್ತಿತ್ತು. ಮನೆಯಾಕೆ ಕೂತವರಿಗೆ ಸಾರು ಬಡಿಸುತ್ತ ಬಂದವಳು, ಹೊತ್ತುಕೊಂಡು ಹೋಗುತ್ತಿದ್ದವರ ಬಾಯಿಗೂ ಒಂದೊಂದು ತುತ್ತು ಇಟ್ಟಳು. ಅವರ ಕೈ ಖಾಲಿ ಇರಲಿಲ್ಲವಲ್ಲ.